ಕೂದಲ ಬೆನ್ನುಹತ್ತಿ ಹೊರಟರೆ ಇಡೀ ದೇಹವೇ ಸಿಗುತ್ತದೆ!

ಡೊಮಿನಿಕನ್ ಗಣರಾಜ್ಯದ ನೈಋತ್ಯ ಭಾಗದಲ್ಲಿ ಸಾಲಿನಾಸ್ ಎಂಬ ಊರಿದೆ. ಸಾಧಾರಣ ಹಳ್ಳಿ. ಆದರೆ ಅಲ್ಲಿನ ಕೆಲವು ಮನೆತನಗಳಲ್ಲಿ ತಲೆಮಾರುಗಳಿಂದ ಒಂದು ಬೆರಗು ನಡೆದುಬಂದಿತ್ತು. ಹೆಣ್ಣೆಂದು ಬಗೆದು, ಹೆಣ್ಣು ಹೆಸರಿಟ್ಟು ಬೆಳೆಸಿದ ಮಕ್ಕಳು ಹನ್ನೆರಡರ ಆಸುಪಾಸಿಗೆ ಬಂದರೂ ಮೈನೆರೆಯುತ್ತಿರಲಿಲ್ಲ. ಬದಲಿಗೆ ದನಿ ಒಡೆಯುತ್ತಿತ್ತು, ತೋಳು ತೊಡೆಗಳು ಗಟ್ಟಿಯಾಗುತ್ತಿದ್ದವು, ಅಲ್ಲಿಯವರೆಗೆ ಹೊರಗೆ ಕಾಣದಿದ್ದ ಗಂಡಿನ ಅಂಗಗಳು ಕಾಣಿಸಿಕೊಳ್ಳುತ್ತಿದ್ದವು! ಊರಿನವರಿಗೆ ಇದೇನೂ ಹೊಸದಲ್ಲ. ಅಂಥ ಮಕ್ಕಳನ್ನು ಕರೆಯಲೆಂದೇ ಅವರಲ್ಲೊಂದು ಹೆಸರೂ ಇತ್ತು. ಮಗಳಾಗಿ ಬೆಳೆದವರಲ್ಲಿ ಹೆಚ್ಚಿನವರು ಮುಂದೆ ಗಂಡಸರಾಗಿಯೇ ಬಾಳುತ್ತಿದ್ದರು.

1970ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಜೂಲಿಯನ್ ಇಂಪೆರಾಟೊ-ಮ್ಯಾಕ್‌ಗಿನ್ಲಿ ಎಂಬ ವೈದ್ಯೆ ತಂಡ ಕಟ್ಟಿಕೊಂಡು ಅಲ್ಲಿಗೆ ಹೋದರು. ಮನೆಮನೆಯ ವಂಶಾವಳಿ ಬರೆದುಕೊಂಡರು, ಹಾರ್ಮೋನುಗಳನ್ನು ಅಳೆದರು. 1974ರ ಡಿಸೆಂಬರಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಉತ್ತರ ಪ್ರಕಟವಾಯಿತು. ಈ ಮಕ್ಕಳಲ್ಲಿ ಗಂಡು ಹಾರ್ಮೋನು ಟೆಸ್ಟೋಸ್ಟೆರೋನ್‌ಗೆ ಏನೂ ಕೊರತೆಯಿರಲಿಲ್ಲ. ಕೊರತೆ ಇದ್ದದ್ದು ಟೆಸ್ಟೋಸ್ಟೆರೋನನ್ನು ಇನ್ನಷ್ಟು ಪ್ರಬಲವಾದ ಡೈಹೈಡ್ರೊಟೆಸ್ಟೋಸ್ಟೆರೋನ್, ಅಂದರೆ ಡಿಎಚ್‌ಟಿ, ಆಗಿ ಮಾರ್ಪಡಿಸುವ ಕಿಣ್ವಕ್ಕೆ. ಆ ಕಿಣ್ವದ ಹೆಸರು 5-ಆಲ್ಫಾ ರಿಡಕ್ಟೇಸ್. ಗರ್ಭದಲ್ಲಿರುವ ಗಂಡು ಶಿಶುವಿನ ಹೊರ ಜನನಾಂಗವನ್ನು ತಿದ್ದಿ ತೀಡುವುದು ಡಿಎಚ್‌ಟಿ. ಅದು ಸಾಲದೇ ಹೋದಾಗ ಮಗು ನೋಡಲು ಹೆಣ್ಣಿನಂತೆಯೇ ಹುಟ್ಟುತ್ತದೆ. ಹರೆಯದಲ್ಲಿ ಟೆಸ್ಟೋಸ್ಟೆರೋನ್ ತಾನೇ ಉಕ್ಕಿ ಬಂದಾಗ ಮೈ ಗಂಡಾಗುತ್ತದೆ. ಅದೇ ವರ್ಷ, ಸಾವಿರಾರು ಕಿಲೋಮೀಟರ್ ಆಚೆ ಅಮೆರಿಕದ ಡಲ್ಲಾಸ್‌ನಲ್ಲಿ ಪ್ಯಾಟ್ರಿಕ್ ವಾಲ್ಶ್, ಜೀನ್ ವಿಲ್ಸನ್ ಮತ್ತು ಸಂಗಡಿಗರು ಬೇರೊಂದು ಕುಟುಂಬದಲ್ಲಿ ಇದೇ ಸ್ಥಿತಿಯನ್ನು ವರದಿ ಮಾಡಿದರು.

ಇಷ್ಟೇ ಆಗಿದ್ದರೂ ಅದು ದೊಡ್ಡ ಶೋಧವೇ. ಆದರೆ ಆ ಸಂಶೋಧನೆಯಲ್ಲಿ ಇನ್ನೊಂದು ವಿವರವಿತ್ತು. ಸಾಲಿನಾಸ್‌ನ ಈ ಗಂಡಸರಿಗೆ ವಯಸ್ಸಾದರೂ ಪ್ರಾಸ್ಟೇಟ್ ಗ್ರಂಥಿ ಊದಿಕೊಳ್ಳಲಿಲ್ಲ, ಚಿಕ್ಕದಾಗಿಯೇ ಉಳಿಯಿತು. ಗಡ್ಡ ತೆಳುವಾಗಿತ್ತು. ತಲೆಗೂದಲ ಅಂಚು ಮಾತ್ರ ಒಂದಿಷ್ಟೂ ಹಿಂದೆ ಸರಿಯಲಿಲ್ಲ. ಅವರಲ್ಲಿ ಬೊಕ್ಕತಲೆಯೇ ಇರಲಿಲ್ಲ!

ಇಂದು ಜಗತ್ತಿನಾದ್ಯಂತ ಗಂಡಸರು ದಿನಕ್ಕೊಂದರಂತೆ ನುಂಗುತ್ತಿರುವ ಕೂದಲ ಗುಳಿಗೆಯ ಬೇರು ಈ ಊರಿನಲ್ಲಿದೆ. ಆ ಗುಳಿಗೆ ತಂದೊಡ್ಡಬಲ್ಲ ತೊಂದರೆಗಳ ಬೇರೂ ಇದೇ ಊರಿನಲ್ಲಿದೆ. ಕೂದಲ ಔಷಧಗಳ ಚರಿತ್ರೆಯನ್ನು ಓದುತ್ತಾ ಹೋದಷ್ಟೂ ಒಂದು ಮಾತು ನನಗೆ ಖಚಿತವಾಗುತ್ತಾ ಹೋಗುತ್ತದೆ. ಕೂದಲನ್ನಷ್ಟೇ ಬಲ್ಲ ಔಷಧ ಇನ್ನೂ ಹುಟ್ಟಿಲ್ಲ. ಬೋಳಾಗುತ್ತಿರುವ ನೆತ್ತಿಗೆಂದು ಕೊಟ್ಟದ್ದು ಹೃದಯವನ್ನೂ, ಮಿದುಳನ್ನೂ, ಕೆಲವೊಮ್ಮೆ ಮಡಿಲಲ್ಲಿ ಮಲಗಿದ ಕೂಸನ್ನೂ ಮುಟ್ಟುತ್ತದೆ!

ಒಂದೇ ಹಾರ್ಮೋನು, ಎರಡು ಆಜ್ಞೆ

ಬೀಜ ಒಡೆಸಿಕೊಂಡ ಗಂಡಸರು ಬೋಳಾಗುವುದಿಲ್ಲ ಎಂಬುದನ್ನು ಗ್ರೀಸಿನ ಅರಿಸ್ಟಾಟಲನೇ ಗಮನಿಸಿ ಬರೆದಿಟ್ಟಿದ್ದ. ಅದಕ್ಕೆ ವಿಜ್ಞಾನದ ಸಾಕ್ಷಿ ಸಿಗಲು ಎರಡು ಸಾವಿರ ವರ್ಷಗಳೇ ಬೇಕಾದವು. 1942ರಲ್ಲಿ ಅಮೆರಿಕದ ಅಂಗರಚನಾ ತಜ್ಞ ಜೇಮ್ಸ್ ಹ್ಯಾಮಿಲ್ಟನ್, ಹರೆಯಕ್ಕೆ ಮೊದಲೇ ವೃಷಣ ಕಳೆದುಕೊಂಡವರ ತಲೆ ಬೋಳಾಗುವುದಿಲ್ಲ ಎಂದು ತೋರಿಸಿದ. ಅಂಥವರಿಗೆ ಟೆಸ್ಟೋಸ್ಟೆರೋನ್ ಕೊಟ್ಟಾಗ, ವಂಶದಲ್ಲಿ ಬೊಕ್ಕತಲೆ ಇದ್ದವರ ಕೂದಲು ಉದುರತೊಡಗಿತು. ವಂಶವಾಹಿ ಒಂದೇ ಸಾಲದು, ಹಾರ್ಮೋನು ಒಂದೇ ಸಾಲದು. ಎರಡೂ ಕೂಡಬೇಕು.

ಕೂಡಿದಾಗ ನಡೆಯುವುದೇನು? ನಮ್ಮ ತಲೆಯಲ್ಲಿ ಸುಮಾರು ಒಂದು ಲಕ್ಷ ರೋಮಕೂಪಗಳಿವೆ. ಪ್ರತಿಯೊಂದೂ ತನ್ನದೇ ಲೆಕ್ಕಾಚಾರದಲ್ಲಿ ಎರಡರಿಂದ ಆರು ವರ್ಷ ಕೂದಲು ಬೆಳೆಸುತ್ತದೆ. ಎರಡು ಮೂರು ವಾರ ಕುಗ್ಗುತ್ತದೆ, ಸುಮಾರು ಮೂರು ತಿಂಗಳು ವಿಶ್ರಮಿಸುತ್ತದೆ. ಆಮೇಲೆ ಹಳೆಯ ಕೂದಲನ್ನು ಹೊರಹಾಕಿ ಹೊಸದನ್ನು ಶುರುಮಾಡುತ್ತದೆ. ದಿನಕ್ಕೆ ಐವತ್ತರಿಂದ ನೂರು ಕೂದಲು ಬಾಚಣಿಗೆಗೆ ಬರುವುದು ಈ ಸುತ್ತಿನ ಸಹಜ ಭಾಗ. ಹಣೆಯಂಚಿನ ಮತ್ತು ನೆತ್ತಿಯ ರೋಮಕೂಪಗಳು ಡಿಎಚ್‌ಟಿಗೆ ಸೂಕ್ಷ್ಮವಾಗಿದ್ದರೆ ಸುತ್ತಿನಿಂದ ಸುತ್ತಿಗೆ ಬೆಳೆಯುವ ಅವಧಿ ಮೊಟಕಾಗುತ್ತದೆ, ಕೂಪವೇ ಕಿರಿದಾಗುತ್ತದೆ. ದಪ್ಪ ಕೂದಲು ಹುಟ್ಟುತ್ತಿದ್ದ ಕಡೆ ನವಿರು, ನವಿರು ಹುಟ್ಟುತ್ತಿದ್ದ ಕಡೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮ. ಬೋಳಾಗಿ ಕಾಣುವ ನೆತ್ತಿಯಲ್ಲೂ ಬಹಳ ಕಾಲ ರೋಮಕೂಪಗಳು ಬದುಕಿಯೇ ಇರುತ್ತವೆ. ಚಿಕಿತ್ಸೆಗೆ ಇರುವ ಅವಕಾಶವೆಲ್ಲ ಈ ಒಂದು ಸತ್ಯದಲ್ಲಿದೆ.

ಈಗ ಇದನ್ನು ಕೇಳಿ. ಇದೇ ಡಿಎಚ್‌ಟಿ ಗಲ್ಲದ ಮೇಲೆ ಗಡ್ಡ ಬೆಳೆಸುತ್ತದೆ, ಎದೆಯ ಮೇಲೆ ರೋಮ ತರಿಸುತ್ತದೆ! ಒಂದೇ ಮೈಯಲ್ಲಿ, ಒಂದೇ ರಕ್ತದಲ್ಲಿ ಹರಿದಾಡುವ ಒಂದೇ ಹಾರ್ಮೋನು ಮುಖಕ್ಕೆ ‘ಬೆಳೆ’ ಎನ್ನುತ್ತದೆ, ನೆತ್ತಿಗೆ ‘ಕುಗ್ಗು’ ಎನ್ನುತ್ತದೆ. ಹಿಂದಲೆಯ ಕೂದಲಿಗಂತೂ ಅದರ ಗೊಡವೆಯೇ ಇಲ್ಲ. 1959ರಲ್ಲಿ ನ್ಯೂಯಾರ್ಕಿನ ಚರ್ಮವೈದ್ಯ ನಾರ್ಮನ್ ಒರೆಂಟ್ರೈಕ್ ಹಿಂದಲೆಯ ಕೂದಲನ್ನು ಚರ್ಮದ ಸಮೇತ ಕಿತ್ತು ಬೋಳು ನೆತ್ತಿಯಲ್ಲಿ ನೆಟ್ಟು ತೋರಿಸಿದ. ನೆಟ್ಟ ಕೂದಲು ಹೊಸ ಜಾಗದ ಗುಣ ಹಿಡಿಯಲಿಲ್ಲ, ತನ್ನ ಹಳೆಯ ಗುಣವನ್ನೇ ಉಳಿಸಿಕೊಂಡು ಬೆಳೆಯಿತು! ಇಂದಿನ ಕೂದಲು ಕಸಿಯೆಲ್ಲ ನಿಂತಿರುವುದು ಇದರ ಮೇಲೆ.

ತಾಯಿಯ ತಂದೆ ಬೋಳಾಗಿದ್ದರೆ ಮೊಮ್ಮಗನೂ ಬೋಳಾಗುತ್ತಾನೆ ಎಂದು ಮನೆಗಳಲ್ಲಿ ಹೇಳುವುದುಂಟು. ಅದರಲ್ಲಿ ಅರ್ಧ ಸತ್ಯವಿದೆ. ಗಂಡು ಹಾರ್ಮೋನನ್ನು ಹಿಡಿದುಕೊಳ್ಳುವ ಗ್ರಾಹಕದ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ, ಗಂಡುಮಗುವಿಗೆ ಅದು ಬರುವುದು ತಾಯಿಯಿಂದ. ಆದರೆ ಬ್ರಿಟನ್ನಿನ ಐವತ್ತು ಸಾವಿರಕ್ಕೂ ಹೆಚ್ಚು ಗಂಡಸರ ವಂಶವಾಹಿಗಳನ್ನು ಜಾಲಾಡಿದ 2017ರ ಅಧ್ಯಯನವೊಂದು ಬೊಕ್ಕತಲೆಗೆ ನಂಟಿರುವ 287 ಜಾಗಗಳನ್ನು ಗುರುತಿಸಿತು. ತಂದೆಯ ಕಡೆಯ ಕೊಡುಗೆಯೂ ಅದರಲ್ಲಿ ಸಾಕಷ್ಟಿದೆ.

ಪ್ರಾಸ್ಟೇಟ್ ಹುಡುಕಿ ಹೊರಟವರಿಗೆ ಸಿಕ್ಕಿದ ಕೂದಲು

ಸಾಲಿನಾಸ್‌ನ ಸುದ್ದಿ ಅಮೆರಿಕದ ಮರ್ಕ್ ಔಷಧ ಕಂಪನಿಯ ಸಂಶೋಧನೆಯ ಹೊಣೆ ಹೊತ್ತ ರಾಯ್ ವ್ಯಾಗೆಲೋಸ್ ಅವರ ಕಣ್ಣಿಗೆ ಬಿತ್ತು. ಅವರ ಕಣ್ಣು ಅರಳಿದ್ದು ಕೂದಲಿಗಲ್ಲ, ಪ್ರಾಸ್ಟೇಟಿಗೆ! ವಯಸ್ಸಾದ ಗಂಡಸರಲ್ಲಿ ಪ್ರಾಸ್ಟೇಟ್ ಊದಿಕೊಂಡು ಮೂತ್ರ ಕಟ್ಟುವ ಬಾಧೆಗೆ ಆಗ ಶಸ್ತ್ರಚಿಕಿತ್ಸೆಯೇ ಮುಖ್ಯ ದಾರಿ. ಹುಟ್ಟಿನಿಂದಲೇ ಆ ಕಿಣ್ವ ಕಡಿಮೆಯಿರುವ ಗಂಡಸರು ಗಟ್ಟಿಮುಟ್ಟಾಗಿ ಬಾಳುತ್ತಿದ್ದಾರೆ, ಅವರ ಪ್ರಾಸ್ಟೇಟ್ ಊದುವುದೇ ಇಲ್ಲ ಎಂದಾದರೆ, ಔಷಧ ಕೊಟ್ಟು ಅದೇ ಕಿಣ್ವವನ್ನು ತಡೆದರೆ ಹೇಗೆ? ಪ್ರಕೃತಿಯೇ ಮಾಡಿಟ್ಟ ಪ್ರಯೋಗವೊಂದು ಕಣ್ಣೆದುರಿಗಿತ್ತು.

ಹೀಗೆ ಹುಟ್ಟಿದ್ದು ಫಿನಾಸ್ಟರೈಡ್. 1992ರಲ್ಲಿ 5 ಮಿಲಿಗ್ರಾಂ ಗುಳಿಗೆಯಾಗಿ ‘ಪ್ರೊಸ್ಕಾರ್’ ಹೆಸರಿನಲ್ಲಿ ಪ್ರಾಸ್ಟೇಟಿಗೆ ಒಪ್ಪಿಗೆ ಪಡೆಯಿತು. ಐದು ವರ್ಷಗಳ ನಂತರ, 1997ರ ಡಿಸೆಂಬರಿನಲ್ಲಿ, 1 ಮಿಲಿಗ್ರಾಂ ಗುಳಿಗೆ ‘ಪ್ರೊಪೀಷಿಯಾ’ ಆಗಿ ಗಂಡಸರ ಬೊಕ್ಕತಲೆಗೆ ಒಪ್ಪಿಗೆ ಪಡೆಯಿತು. ದಿನಕ್ಕೆ ಒಂದು ಮಿಲಿಗ್ರಾಂ ಅಷ್ಟೇ! ರಕ್ತದಲ್ಲಿನ ಡಿಎಚ್‌ಟಿಯನ್ನು ಸುಮಾರು ಮೂರನೇ ಎರಡು ಭಾಗ ಇಳಿಸಲು ಅಷ್ಟು ಸಾಕು.

ಪರೀಕ್ಷೆಗಳಲ್ಲಿ ಪಾಲ್ಗೊಂಡವರು 18ರಿಂದ 41 ವರ್ಷದ 1,553 ಗಂಡಸರು. ನೆತ್ತಿಯ ಮೇಲೆ ಒಂದು ಅಂಗುಲ ವ್ಯಾಸದ ವೃತ್ತ ಗುರುತಿಸಿ, ಅದರೊಳಗಿನ ಕೂದಲನ್ನು ಒಂದೊಂದಾಗಿ ಎಣಿಸಿದರು. ಆರಂಭದಲ್ಲಿ ಸರಾಸರಿ 876 ಕೂದಲು. ಒಂದು ವರ್ಷದ ಕೊನೆಗೆ ಔಷಧ ತೆಗೆದುಕೊಂಡವರಿಗೂ ಔಷಧವೇ ಇಲ್ಲದ ಸಪ್ಪೆ ಗುಳಿಗೆ ತೆಗೆದುಕೊಂಡವರಿಗೂ ನಡುವೆ 107 ಕೂದಲುಗಳ ಅಂತರ, ಎರಡು ವರ್ಷಕ್ಕೆ 138ರ ಅಂತರ. ಎರಡು ವರ್ಷಗಳಲ್ಲಿ ಔಷಧದ ಗುಂಪಿನ 83 ಶೇಕಡಾ ಮಂದಿಯ ಕೂದಲ ಎಣಿಕೆ ಇಳಿಯಲಿಲ್ಲ. ಸಪ್ಪೆ ಗುಳಿಗೆಯ ಗುಂಪಿನಲ್ಲಿ ಹಾಗೆ ಉಳಿದದ್ದು 28 ಶೇಕಡಾ. ಇನ್ನೊಂದು ಮಾತು ನೆನಪಿರಲಿ: ಗುಳಿಗೆ ನಿಲ್ಲಿಸಿದರೆ ಒಂದು ವರ್ಷದೊಳಗೆ ಗಳಿಸಿದ್ದೆಲ್ಲ ಕಳೆದುಹೋಗುತ್ತದೆ. ಇದು ಗುಣಪಡಿಸುವ ಮದ್ದಲ್ಲ, ನಡೆಸಿಕೊಂಡು ಹೋಗಬೇಕಾದ ಮದ್ದು.

ಬಿಪಿ ಇಳಿಸಲು ಹೋದ ಮಾತ್ರೆ ರೋಮ ಬೆಳೆಸಿತು!

ಇನ್ನೊಂದು ಔಷಧದ ಕತೆ ಇದಕ್ಕಿಂತ ವಿಚಿತ್ರ. ಅಮೆರಿಕದ ಮಿಷಿಗನ್ ರಾಜ್ಯದ ಕ್ಯಾಲಮಜೂ ಎಂಬ ಊರಿನಲ್ಲಿ ಅಪ್‌ಜಾನ್ ಕಂಪನಿ ಹೊಟ್ಟೆಹುಣ್ಣಿಗೆ ಔಷಧ ಹುಡುಕುತ್ತಿತ್ತು. ಸಿಕ್ಕಿದ ರಾಸಾಯನಿಕ ಹುಣ್ಣನ್ನು ವಾಸಿಮಾಡಲಿಲ್ಲ, ಆದರೆ ರಕ್ತನಾಳಗಳನ್ನು ಜೋರಾಗಿ ಹಿಗ್ಗಿಸಿತು. ಅದರ ದಾರಿಯಲ್ಲೇ ಮುಂದುವರಿದು ತಯಾರಾದದ್ದು ಮಿನಾಕ್ಸಿಡಿಲ್. ಬೇರೆ ಯಾವ ಮಾತ್ರೆಗೂ ಬಗ್ಗದ ರಕ್ತದೊತ್ತಡದ ರೋಗಿಗಳಿಗೆ ಕೊಲರಾಡೊ ವಿಶ್ವವಿದ್ಯಾಲಯದ ಚಾರ್ಲ್ಸ್ ಚಿಡ್ಸಿ ಇದನ್ನು ಕೊಟ್ಟು ನೋಡಿದರು. ಒತ್ತಡ ಇಳಿಯಿತು. ಜೊತೆಗೆ ರೋಗಿಗಳ ಹಣೆ, ಕೆನ್ನೆ, ತೋಳುಗಳ ಮೇಲೆಲ್ಲ ರೋಮ ಬೆಳೆಯತೊಡಗಿತು!

ಚಿಡ್ಸಿ ಚರ್ಮವೈದ್ಯ ಗುಂಟರ್ ಕಾನ್ ಅವರ ಸಲಹೆ ಕೇಳಿದರು. ಕಾನ್ ಮತ್ತು ಅವರ ಸಹೋದ್ಯೋಗಿ ಪಾಲ್ ಗ್ರಾಂಟ್‌ಗೆ ಹೊಳೆದದ್ದು ಸರಳ ಪ್ರಶ್ನೆ. ನುಂಗಿದರೆ ಮೈಯೆಲ್ಲ ರೋಮ ಬೆಳೆಸುವ ಮದ್ದನ್ನು ಹಚ್ಚಿದರೆ ಹಚ್ಚಿದ ಕಡೆ ಮಾತ್ರ ಬೆಳೆಸೀತೆ? ತಮ್ಮ ತೋಳಿಗೇ ಸವರಿಕೊಂಡು ನೋಡಿದರು. ರೋಮ ಬಂತು! ಮುಂದೆ ಈ ಶೋಧದ ಹಕ್ಕು ಯಾರದೆಂದು ಕಂಪನಿಯ ಜೊತೆ ದೀರ್ಘ ವ್ಯಾಜ್ಯವೇ ನಡೆಯಿತು. 1979ರಲ್ಲಿ ಮಿನಾಕ್ಸಿಡಿಲ್ ಬಿಪಿ ಮಾತ್ರೆಯಾಗಿ, 1988ರಲ್ಲಿ 2 ಶೇಕಡಾ ದ್ರಾವಣವಾಗಿ ಗಂಡಸರ ತಲೆಗೆ ಒಪ್ಪಿಗೆ ಪಡೆಯಿತು. 1996ರಿಂದ ಅಮೆರಿಕದಲ್ಲಿ ವೈದ್ಯರ ಚೀಟಿ ಇಲ್ಲದೆಯೂ ಸಿಗುತ್ತಿದೆ.

ಸ್ವಾರಸ್ಯವೆಂದರೆ, ಬಾಟಲಿಯಲ್ಲಿರುವ ಮಿನಾಕ್ಸಿಡಿಲ್ ತಾನಾಗಿ ಕೆಲಸ ಮಾಡುವುದಿಲ್ಲ. ರೋಮಕೂಪದಲ್ಲಿರುವ ಸಲ್ಫೋಟ್ರಾನ್ಸ್‌ಫರೇಸ್ ಎಂಬ ಕಿಣ್ವ ಅದನ್ನು ಮಿನಾಕ್ಸಿಡಿಲ್ ಸಲ್ಫೇಟ್ ಆಗಿ ಮಾರ್ಪಡಿಸಬೇಕು. ಕೆಲವರಲ್ಲಿ ಈ ಕಿಣ್ವ ಚುರುಕು, ಕೆಲವರಲ್ಲಿ ಮಂದ. ಒಂದೇ ಬಾಟಲಿ ಅಣ್ಣನಿಗೆ ಫಲ ಕೊಟ್ಟು ತಮ್ಮನಿಗೆ ಕೊಡದಿರುವುದಕ್ಕೆ ಇದೊಂದು ಕಾರಣ. ಶುರುಮಾಡಿದ ಮೊದಲ ವಾರಗಳಲ್ಲಿ ಕೂದಲು ಇನ್ನೂ ಹೆಚ್ಚು ಉದುರುವುದೂ ಉಂಟು. ವಿಶ್ರಾಂತಿಯಲ್ಲಿದ್ದ ಕೂಪಗಳು ಹೊಸ ಸುತ್ತು ಆರಂಭಿಸುವಾಗ ಹಳೆಯ ಕೂದಲನ್ನು ಹೊರದೂಡುತ್ತವೆ. ಇದು ತಿಳಿಯದೆ ಎಷ್ಟೋ ಜನ ಹೆದರಿ ಬಾಟಲಿ ಬಿಸಾಡುತ್ತಾರೆ. ಫಲ ಕಾಣಲು ನಾಲ್ಕರಿಂದ ಆರು ತಿಂಗಳ ತಾಳ್ಮೆ ಬೇಕು.

ಆಕಸ್ಮಿಕಗಳು ಇಲ್ಲಿಗೇ ಮುಗಿಯಲಿಲ್ಲ. 1967ರಲ್ಲಿ ಹಂಗೆರಿಯ ಬುಡಾಪೆಸ್ಟ್‌ನಲ್ಲಿ ಎಂಡ್ರೆ ಮೆಸ್ಟರ್ ರೋಮ ಬೋಳಿಸಿದ ಇಲಿಗಳ ಮೇಲೆ ಮಂದ ಲೇಸರ್ ಬೆಳಕು ಹರಿಸಿದಾಗ ಬೆಳಕು ಬಿದ್ದ ಕಡೆ ರೋಮ ಬೇಗ ಬಂತು. ಇಂದಿನ ಲೇಸರ್ ಬಾಚಣಿಗೆ, ಲೇಸರ್ ಟೋಪಿಗಳ ಮೂಲ ಅದು. ಕಣ್ಣಿನ ಗ್ಲಾಕೋಮಾಕ್ಕೆ ಹಾಕುತ್ತಿದ್ದ ಬಿಮಾಟೊಪ್ರೊಸ್ಟ್ ಹನಿಯಿಂದ ರೋಗಿಗಳ ರೆಪ್ಪೆಗೂದಲು ಉದ್ದವಾಯಿತು. 2008ರಲ್ಲಿ ಅದೂ ರೆಪ್ಪೆಗೂದಲ ಔಷಧವಾಗಿ ಒಪ್ಪಿಗೆ ಪಡೆಯಿತು. ಹುಣ್ಣು, ರಕ್ತದೊತ್ತಡ, ಪ್ರಾಸ್ಟೇಟ್, ಗ್ಲಾಕೋಮಾ ಎಂದು ಹೊರಟವರ ಕೈಗೆಲ್ಲ ಕೂದಲು ಸಿಕ್ಕಿತು. ಹಾಗಾದರೆ ಕೂದಲಿಗೆಂದು ತೆಗೆದುಕೊಂಡವರ ಮೈಯಲ್ಲಿ ಉಳಿದದ್ದೆಲ್ಲ ನಡೆಯದೆ ಇದ್ದೀತೆ?

ಒಂದು ತೂಬು, ಹಲವು ಗದ್ದೆ

ಕೆರೆಯ ತೂಬು ಮುಚ್ಚಿದರೆ ನೀರು ಬೇಡವಾದ ಒಂದು ಗದ್ದೆಗೆ ಮಾತ್ರ ನೀರು ನಿಲ್ಲುವುದಿಲ್ಲ, ಆ ಕಾಲುವೆಯನ್ನು ನಂಬಿದ ಎಲ್ಲ ಗದ್ದೆಗಳಿಗೂ ನಿಲ್ಲುತ್ತದೆ. ಫಿನಾಸ್ಟರೈಡ್ ಮಾಡುವುದೂ ಅದನ್ನೇ. ಡಿಎಚ್‌ಟಿಗೆ ಕಾಯುವ ಜಾಗಗಳು ಮೈಯಲ್ಲಿ ಹಲವಾರು.

ಮೊದಲನೆಯದು ಲೈಂಗಿಕ ಆರೋಗ್ಯ. ಪರೀಕ್ಷೆಗಳ ಮೊದಲ ವರ್ಷದಲ್ಲಿ ಕಾಮಾಸಕ್ತಿ ಕುಗ್ಗುವುದು, ನಿಮಿರು ದೌರ್ಬಲ್ಯ, ವೀರ್ಯದ ಪ್ರಮಾಣ ಇಳಿಯುವುದು ಇವುಗಳಲ್ಲಿ ಒಂದಾದರೂ ಕಂಡವರು ಔಷಧದ ಗುಂಪಿನಲ್ಲಿ 3.8 ಶೇಕಡಾ, ಸಪ್ಪೆ ಗುಳಿಗೆಯ ಗುಂಪಿನಲ್ಲಿ 2.1 ಶೇಕಡಾ. ಹೆಚ್ಚಿನವರಿಗೆ ಔಷಧ ಬಿಟ್ಟಾಗ ಸರಿಹೋಯಿತು. ಇಷ್ಟೇ ಎಂದರೆ ಸಮಾಧಾನಪಡಬಹುದಿತ್ತು. ಆದರೆ ಬಿಟ್ಟ ಮೇಲೂ ತಿಂಗಳು, ವರ್ಷಗಟ್ಟಲೆ ತೊಂದರೆ ಉಳಿಯಿತೆಂದು ಹೇಳುವ ಗಂಡಸರ ದೂರುಗಳು ಹಲವು ದೇಶಗಳಿಂದ ಬಂದವು. 2012ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಎಚ್ಚರಿಕೆಯನ್ನು ಔಷಧದ ಮಾಹಿತಿ ಪತ್ರದಲ್ಲೇ ಸೇರಿಸಿತು.

ಇಲ್ಲಿ ಮನಸ್ಸಿನ ಪಾತ್ರವನ್ನು ತೋರಿಸಿದ ಪ್ರಯೋಗವೊಂದು ಬೆರಗು ಹುಟ್ಟಿಸುತ್ತದೆ. ಪ್ರಾಸ್ಟೇಟಿಗಾಗಿ 5 ಮಿಲಿಗ್ರಾಂ ಫಿನಾಸ್ಟರೈಡ್ ತೆಗೆದುಕೊಳ್ಳುತ್ತಿದ್ದ ಗಂಡಸರನ್ನು ಇಟಲಿಯ ವೈದ್ಯರು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಲೈಂಗಿಕ ತೊಂದರೆ ಬರಬಹುದೆಂದು ಹೇಳಿದರು, ಇನ್ನೊಂದಕ್ಕೆ ಹೇಳಲಿಲ್ಲ. 2007ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಕೇಳಿಸಿಕೊಂಡವರಲ್ಲಿ 43.6 ಶೇಕಡಾ ಮಂದಿಗೆ ತೊಂದರೆ, ಕೇಳದವರಲ್ಲಿ 15.3 ಶೇಕಡಾ! ನಿರೀಕ್ಷೆಯೇ ದೇಹವನ್ನು ಅಷ್ಟು ಅಲುಗಿಸಬಲ್ಲದು. ಹಾಗೆಂದು ನರಳುವವರಿಗೆ ‘ಎಲ್ಲ ನಿನ್ನ ಮನಸ್ಸಿನದು’ ಎಂದು ಹೇಳಿ ಕಳಿಸುವುದು ಅನ್ಯಾಯ. ಏನೂ ಹೇಳಿಸಿಕೊಳ್ಳದ ಆ 15.3 ಶೇಕಡಾ ಮಂದಿಯೂ ಅದೇ ಪ್ರಯೋಗದಲ್ಲೇ ಇದ್ದಾರೆ.

ಎರಡನೆಯದು ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಗೆ ಮಾಡುವ ಪಿಎಸ್‌ಎ ರಕ್ತಪರೀಕ್ಷೆ. ಫಿನಾಸ್ಟರೈಡ್ ಆ ಅಂಕಿಯನ್ನು ಸುಮಾರು ಅರ್ಧಕ್ಕೆ ಇಳಿಸಿಬಿಡುತ್ತದೆ. ಐವತ್ತು ದಾಟಿದವರು ಕೂದಲ ಗುಳಿಗೆಯ ವಿಷಯ ಮುಚ್ಚಿಟ್ಟರೆ ವೈದ್ಯರು ‘ಎಲ್ಲ ಚೆನ್ನಾಗಿದೆ’ ಎಂದು ತಪ್ಪಾಗಿ ಓದುವ ಅಪಾಯವಿದೆ.

ಮೂರನೆಯದನ್ನು ಓದುವಾಗ ಸಾಲಿನಾಸ್ ಮತ್ತೆ ಎದುರು ಬಂದು ನಿಲ್ಲುತ್ತದೆ. ಒಡೆದ ಅಥವಾ ಪುಡಿಯಾದ ಫಿನಾಸ್ಟರೈಡ್ ಗುಳಿಗೆಯನ್ನು ಬಸುರಿಯರು ಕೈಯಲ್ಲಿ ಮುಟ್ಟಲೂಬಾರದು ಎಂಬ ಎಚ್ಚರಿಕೆ ಪ್ರತಿ ಪೊಟ್ಟಣದಲ್ಲಿದೆ. ಏಕೆಂದರೆ ಗರ್ಭದಲ್ಲಿ ಗಂಡುಮಗುವಿದ್ದರೆ ಅದರ ಜನನಾಂಗ ರೂಪುಗೊಳ್ಳುವ ಹೊತ್ತಿನಲ್ಲಿ ಡಿಎಚ್‌ಟಿ ತಪ್ಪಿಹೋದೀತು. ಆ ಊರಿನ ಮಕ್ಕಳಲ್ಲಿ ಹುಟ್ಟಿನಿಂದ ಬಂದದ್ದನ್ನು ಈ ಗುಳಿಗೆ ತಂದುಬಿಟ್ಟೀತು. ನೆತ್ತಿಯನ್ನು ಕಾಯುವ ಶಕ್ತಿ ಮತ್ತು ಗರ್ಭಕ್ಕೆ ಕೇಡು ಮಾಡುವ ಶಕ್ತಿ ಎರಡಲ್ಲ, ಒಂದೇ!

ಇದೇ ಬಳಗದ ಡುಟಾಸ್ಟರೈಡ್ ಇನ್ನೂ ಬಲವಾದದ್ದು. ಕಿಣ್ವದ ಎರಡೂ ಬಗೆಗಳನ್ನು ತಡೆದು ಡಿಎಚ್‌ಟಿಯನ್ನು 90 ಶೇಕಡಾಕ್ಕೂ ಹೆಚ್ಚು ಇಳಿಸುತ್ತದೆ. ದಕ್ಷಿಣ ಕೊರಿಯಾ ಮತ್ತು ಜಪಾನ್ ಇದನ್ನು ಬೊಕ್ಕತಲೆಗೆ ಒಪ್ಪಿವೆ. ದೇಹದಿಂದ ಅರ್ಧದಷ್ಟು ಹೊರಹೋಗಲು ಇದಕ್ಕೆ ಸುಮಾರು ಐದು ವಾರ ಬೇಕು. ಆದ್ದರಿಂದ ಇದನ್ನು ನಿಲ್ಲಿಸಿದ ಮೇಲೂ ಆರು ತಿಂಗಳು ರಕ್ತದಾನ ಮಾಡಬಾರದು. ಆ ರಕ್ತ ಯಾವುದೋ ಬಸುರಿಯ ಮೈ ಸೇರಬಹುದಲ್ಲ!

ಮಿದುಳಿನಲ್ಲೂ ಅದೇ ಕಿಣ್ವ

ಈಗ ಈ ಕತೆಯ ಅತ್ಯಂತ ಆಳದ ತಿರುವು. 5-ಆಲ್ಫಾ ರಿಡಕ್ಟೇಸ್ ಕೆಲಸ ಮಾಡುವುದು ಟೆಸ್ಟೋಸ್ಟೆರೋನಿನ ಮೇಲೆ ಮಾತ್ರವಲ್ಲ. ಮಿದುಳಿನಲ್ಲಿ ಅದು ಪ್ರೊಜೆಸ್ಟರೋನನ್ನು ಹಿಡಿದು, ಅಲೊಪ್ರೆಗ್ನನೊಲೋನ್ ಎಂಬ ವಸ್ತು ತಯಾರಾಗುವ ಮೊದಲ ಹೆಜ್ಜೆ ಇಡುತ್ತದೆ. ಈ ವಸ್ತು ನರಗಳ ಉದ್ವೇಗವನ್ನು ತಣಿಸುತ್ತದೆ, ಮನಸ್ಸನ್ನು ಶಾಂತವಾಗಿಡುತ್ತದೆ. ಅದಕ್ಕೆ ಎಷ್ಟು ಶಕ್ತಿ ಗೊತ್ತೆ? 2019ರಲ್ಲಿ ಇದೇ ಅಲೊಪ್ರೆಗ್ನನೊಲೋನ್ ಬ್ರೆಕ್ಸನೊಲೋನ್ ಎಂಬ ಹೆಸರಿನಲ್ಲಿ, ಬಾಣಂತಿಯರ ಖಿನ್ನತೆಗೆಂದೇ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೊದಲ ಔಷಧವಾಯಿತು! ಕೂದಲಿಗೆಂದು ನುಂಗಿದ ಗುಳಿಗೆ ತಡೆಯುವ ಕಿಣ್ವ, ಮನಸ್ಸನ್ನು ತಣಿಸುವ ವಸ್ತುವಿನ ತಯಾರಿಯಲ್ಲೂ ಇದೆ.

ಹೀಗಿರುವಾಗ ಫಿನಾಸ್ಟರೈಡ್ ತೆಗೆದುಕೊಳ್ಳುವ ಕೆಲವರಿಗೆ ಖಿನ್ನತೆ ಕವಿಯುತ್ತದೆ ಎಂಬ ವರದಿಗಳನ್ನು ತಳ್ಳಿಹಾಕಲು ಬರುವುದಿಲ್ಲ. ಎಫ್‌ಡಿಎ 2011ರಲ್ಲಿ ಖಿನ್ನತೆಯನ್ನೂ, 2022ರಲ್ಲಿ ಆತ್ಮಹತ್ಯೆಯ ಯೋಚನೆಗಳನ್ನೂ ಮಾಹಿತಿ ಪತ್ರಕ್ಕೆ ಸೇರಿಸಿತು. 2025ರ ಮೇ ತಿಂಗಳಲ್ಲಿ ಯುರೋಪಿನ ಔಷಧ ಸಂಸ್ಥೆಯ ಸುರಕ್ಷತಾ ಸಮಿತಿ, ಆತ್ಮಹತ್ಯೆಯ ಯೋಚನೆ ಫಿನಾಸ್ಟರೈಡ್ ಗುಳಿಗೆಗಳ ಅಡ್ಡಪರಿಣಾಮವೇ ಹೌದು ಎಂದು ದೃಢಪಡಿಸಿತು. ವರದಿಯಾದ ಪ್ರಕರಣಗಳಲ್ಲಿ ಹೆಚ್ಚಿನವು ಕೂದಲಿಗೆ ಬಳಸುವ 1 ಮಿಲಿಗ್ರಾಂ ಗುಳಿಗೆಯವು. ಎಷ್ಟು ಜನರಲ್ಲಿ ಒಬ್ಬರಿಗೆ ಹೀಗಾಗುತ್ತದೆ ಎಂಬ ಲೆಕ್ಕ ಸಿಕ್ಕಿಲ್ಲ. ಕೂದಲಿಗೆ ಬಳಸುವ ಗುಳಿಗೆಯ ಪೊಟ್ಟಣದಲ್ಲಿ ರೋಗಿಗೆ ನೇರವಾಗಿ ಎಚ್ಚರಿಕೆ ಹೇಳುವ ಚೀಟಿ ಇರಬೇಕೆಂದೂ ಸಮಿತಿ ಹೇಳಿತು.

ದಯವಿಟ್ಟು ಈ ಭಾಗವನ್ನು ಅವಸರದಲ್ಲಿ ದಾಟಬೇಡಿ. ಗುಳಿಗೆ ಶುರುಮಾಡಿದ ಮೇಲೆ ಕಾರಣವಿಲ್ಲದೆ ಮನಸ್ಸು ಕುಸಿದರೆ, ಬದುಕೇ ಬೇಡವೆನಿಸಿದರೆ, ಗುಳಿಗೆ ನಿಲ್ಲಿಸಿ ಅವತ್ತೇ ವೈದ್ಯರನ್ನು ಕಾಣಿರಿ. ಹಿಂದೆ ಖಿನ್ನತೆ ಬಂದಿದ್ದರೆ ಗುಳಿಗೆ ಶುರುಮಾಡುವ ಮೊದಲೇ ಹೇಳಿಬಿಡಿ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಮುಂದೆ ನಿಂತು ನಡೆಸುವ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮಡಿಲ ಕೂಸಿಗೂ ತಲುಪಿದ ಹನಿ

ಮಿನಾಕ್ಸಿಡಿಲ್ ಹಚ್ಚುವ ಔಷಧವಾದ್ದರಿಂದ ನಿರಪಾಯ ಎಂದು ಬಗೆಯುವವರು ಬಹಳ. ಹೆಚ್ಚಿನವರಿಗೆ ಅದು ನಿಜವೂ ಹೌದು. ತುರಿಕೆ, ಉರಿ, ಹೊಟ್ಟು, ದ್ರಾವಣದಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್ ಒಗ್ಗದೆ ಬರುವ ಚರ್ಮದ ಉರಿಯೂತ, ಹೆಂಗಸರಿಗೆ ಕೆನ್ನೆ ಹಣೆಗಳಲ್ಲಿ ರೋಮ, ಇವು ಸಾಮಾನ್ಯ ತೊಂದರೆಗಳು. ಗ್ಲೈಕಾಲ್ ಇಲ್ಲದ ನೊರೆಯ ರೂಪಕ್ಕೆ ಬದಲಾಯಿಸಿದರೆ ಎಷ್ಟೋ ಜನಕ್ಕೆ ಉರಿಯೂತ ಶಮನವಾಗುತ್ತದೆ.

ಆದರೆ ಸ್ಪೇನಿನಲ್ಲಿ ನಡೆದದ್ದನ್ನು ಕೇಳಿ! 2019ರಲ್ಲಿ ಅಲ್ಲಿ ಹಲವು ಹಸುಳೆಗಳ ಮೈಮೇಲೆಲ್ಲ ದಟ್ಟ ರೋಮ ಬೆಳೆಯತೊಡಗಿತು. ಹುಡುಕಿದಾಗ, ಆ ಮಕ್ಕಳಿಗೆ ಹೊಟ್ಟೆಯ ಆಮ್ಲಕ್ಕೆಂದು ಕೊಟ್ಟ ಒಮೆಪ್ರಜೋಲ್ ಔಷಧದ ಜಾಗದಲ್ಲಿ ತಪ್ಪಿ ಮಿನಾಕ್ಸಿಡಿಲ್ ಸೇರಿಕೊಂಡಿದ್ದು ಪತ್ತೆಯಾಯಿತು. ಔಷಧ ನಿಲ್ಲಿಸಿದ ಮೇಲೆ ರೋಮ ಇಳಿಯುತ್ತಾ ಬಂತು. ಕೆಲವು ವರ್ಷಗಳ ನಂತರ ಅದೇ ದೇಶದ ನವಾರಾ ಪ್ರಾಂತ್ಯದಿಂದ ಇನ್ನೊಂದು ವರದಿ: ತಲೆಗೆ ಮಿನಾಕ್ಸಿಡಿಲ್ ಹಚ್ಚಿಕೊಳ್ಳುತ್ತಿದ್ದ ತಂದೆ ಆರೈಕೆ ಮಾಡುತ್ತಿದ್ದ ಮಗುವಿನ ಬೆನ್ನು, ಕಾಲುಗಳಲ್ಲಿ ರೋಮ! ತಂದೆ ಔಷಧ ಬಿಟ್ಟಾಗ ಮಗುವಿನ ಮೈ ಮೊದಲಿನಂತಾಯಿತು. ಹಚ್ಚಿದ ಜಾಗಕ್ಕೆ ಹಸುಳೆಗಳ ಮೈ ತಾಗದಂತೆ ನೋಡಿಕೊಳ್ಳಿ, ಹಚ್ಚಿದ ಕೈ ತೊಳೆಯಿರಿ ಎಂಬ ಸೂಚನೆ ಯುರೋಪಿನಲ್ಲಿ ಬಂದದ್ದು ಇಂಥ ಪ್ರಕರಣಗಳಿಂದ. ಮನೆಯಲ್ಲಿ ಬೆಕ್ಕು ಸಾಕಿದವರು ಇನ್ನೂ ಜಾಗರೂಕರಾಗಿರಬೇಕು. ದಿಂಬಿಗೆ ಅಂಟಿದ ಚೂರು ಮಿನಾಕ್ಸಿಡಿಲ್ ನೆಕ್ಕಿದರೂ ಬೆಕ್ಕಿನ ಪ್ರಾಣಕ್ಕೆ ಕುತ್ತು ಬರಬಹುದು.

ಈಚೆಗೆ ಚರ್ಮವೈದ್ಯರು ಮಿನಾಕ್ಸಿಡಿಲನ್ನು ಸಣ್ಣ ಪ್ರಮಾಣದಲ್ಲಿ, ಸಾಮಾನ್ಯವಾಗಿ 5 ಮಿಲಿಗ್ರಾಂ ಒಳಗೆ, ನುಂಗಲು ಬರೆದುಕೊಡುತ್ತಿದ್ದಾರೆ. ಅನೇಕರಿಗೆ ಫಲ ಸಿಗುತ್ತಿದೆ. ಆದರೆ ನುಂಗಿದ ಕೂಡಲೇ ಅದು ಮತ್ತೆ ಬಿಪಿ ಮಾತ್ರೆಯೇ! ಕಾಲು ಊದುವುದು, ಎದೆ ಡವಡವ ಎನ್ನುವುದು, ತಲೆ ಸುತ್ತುವುದು ಕಂಡುಬರಬಹುದು. 1979ರ ಮೂಲ ಮಾತ್ರೆಯ ಮೇಲೆ ಹೃದಯದ ಸುತ್ತ ನೀರು ತುಂಬುವ ಅಪಾಯದ ಗಂಭೀರ ಎಚ್ಚರಿಕೆ ಇತ್ತು. ಹೃದಯದ ತೊಂದರೆ ಇರುವವರು ಗೆಳೆಯನ ಮಾತು ಕೇಳಿ ಇದನ್ನು ಶುರುಮಾಡಬಾರದು. ಮಿನಾಕ್ಸಿಡಿಲ್ ಜೊತೆ ಫಿನಾಸ್ಟರೈಡ್ ಬೆರೆಸಿದ ಹಚ್ಚುವ ದ್ರಾವಣಗಳೂ ನಮ್ಮ ಮೆಡಿಕಲ್ ಶಾಪುಗಳಿಗೆ ಬಂದಿವೆ. ಹಚ್ಚಿದ ಫಿನಾಸ್ಟರೈಡ್ ಕೂಡ ರಕ್ತ ಸೇರಬಲ್ಲದು. ಔಷಧಾಲಯಗಳಲ್ಲಿ ಬೆರೆಸಿ ಕೊಡುವ ಇಂಥ ದ್ರಾವಣಗಳಿಂದ ತೊಂದರೆಯಾದ 32 ಪ್ರಕರಣಗಳನ್ನು ಮುಂದಿಟ್ಟು ಎಫ್‌ಡಿಎ 2025ರಲ್ಲಿ ಎಚ್ಚರಿಸಿದೆ.

ಬೈತಲೆ ಅಗಲವಾದಾಗ

ಹೆಂಗಸರ ಕತೆ ಬೇರೆ. ಅವರ ಹಣೆಯಂಚು ಬಹುಮಟ್ಟಿಗೆ ಇದ್ದಲ್ಲೇ ಇರುತ್ತದೆ, ಬೈತಲೆ ಮಾತ್ರ ಅಗಲವಾಗುತ್ತಾ ಹೋಗುತ್ತದೆ. ಮೊದಲು ನೋಡಬೇಕಾದದ್ದು ರಕ್ತಹೀನತೆ, ಥೈರಾಯ್ಡ್, ಪಿಸಿಒಎಸ್ ಇವೆಯೇ ಎಂಬುದನ್ನು. ಹೆರಿಗೆಯಾಗಿ ಇಲ್ಲವೇ ಟೈಫಾಯ್ಡ್, ಡೆಂಗಿಯಂಥ ಜ್ವರಗಳು ಬಂದು ಎರಡು ಮೂರು ತಿಂಗಳಿಗೆ ಕೂದಲು ರಾಶಿ ಉದುರಿದರೆ ಅದು ವಂಶದ ಬೋಳಲ್ಲ, ಸಾಮಾನ್ಯವಾಗಿ ತಾನೇ ಮರಳಿ ಬರುತ್ತದೆ. ವಂಶದ ಬಗೆಯದೇ ಆದರೆ ಹೆಂಗಸರಿಗೂ ಮಿನಾಕ್ಸಿಡಿಲ್ ಮೊದಲ ಆಯ್ಕೆ. ಗಂಡು ಹಾರ್ಮೋನನ್ನು ತಡೆಯುವ ಸ್ಪಿರೊನೊಲ್ಯಾಕ್ಟೋನ್ ಮಾತ್ರೆಯನ್ನೂ ಕೆಲವರಿಗೆ ಕೊಡುತ್ತಾರೆ. ಅದರಿಂದ ಮುಟ್ಟು ಏರುಪೇರಾಗಬಹುದು, ರಕ್ತದ ಪೊಟ್ಯಾಶಿಯಂ ಏರಬಹುದು. ಬಸುರಿಯಾಗುವ ಯೋಚನೆ ಇದ್ದರೆ ಅದನ್ನು ತೆಗೆದುಕೊಳ್ಳಬಾರದು.

ನೆತ್ತಿಯಲ್ಲೇ ಕೆಲಸ ಮುಗಿಸುವ ಮದ್ದು

ಇಷ್ಟು ತಿಳಿದ ಮೇಲೂ ಔಷಧ ಬೇಕೆನ್ನುವವರನ್ನು ಯಾರೂ ಹಗುರವಾಗಿ ಕಾಣಬಾರದು. ಬೊಕ್ಕತಲೆಯ ಕಾರಣಕ್ಕೆ ಹೆಣ್ಣು ಸಿಗದ ಕನ್ನಡ ಮೇಷ್ಟ್ರ ಪಾಡನ್ನು ರಾಜ್ ಬಿ. ಶೆಟ್ಟಿ 2017ರ ‘ಒಂದು ಮೊಟ್ಟೆಯ ಕಥೆ’ಯಲ್ಲಿ ತೆರೆಗೆ ತಂದಾಗ ಎಷ್ಟು ಮನೆಗಳು ಅದರಲ್ಲಿ ತಮ್ಮನ್ನೇ ಕಂಡವು! ಆ ನೋವು ನಿಜ. ಔಷಧದ ಫಲವೂ ನಿಜ, ಲಕ್ಷಾಂತರ ಜನ ತೊಂದರೆಯಿಲ್ಲದೆ ತೆಗೆದುಕೊಳ್ಳುತ್ತಿರುವುದೂ ನಿಜ. ಏನೂ ತೆಗೆದುಕೊಳ್ಳದೆ ನುಣ್ಣಗೆ ಬೋಳಿಸಿಕೊಂಡು ತಲೆಯೆತ್ತಿ ನಡೆಯುವುದೂ ಅಷ್ಟೇ ಗೌರವದ ಆಯ್ಕೆ. ನನ್ನ ಕೋರಿಕೆ ಒಂದೇ. ಫಿನಾಸ್ಟರೈಡ್ ನಮ್ಮಲ್ಲೂ ವೈದ್ಯರ ಚೀಟಿಯ ಮೇಲೆ ಮಾರಬೇಕಾದ ಔಷಧ. ಮೊಬೈಲಿನ ಜಾಹೀರಾತು ನೋಡಿ ತರಿಸಿಕೊಳ್ಳುವ ಬದಲು ಚರ್ಮವೈದ್ಯರ ಎದುರು ಕುಳಿತು ಬಿಪಿ, ಹೃದಯ, ಮನಸ್ಸಿನ ಸ್ಥಿತಿ, ಮಕ್ಕಳ ಯೋಜನೆ ಎಲ್ಲವನ್ನೂ ಬಿಚ್ಚಿ ಹೇಳಿರಿ. ಕೂದಲ ಔಷಧಕ್ಕೆ ನಿಮ್ಮ ಇಡೀ ಮೈಯ ಪರಿಚಯ ಇರುವಾಗ ಅದನ್ನು ಬರೆದುಕೊಡುವವರಿಗೂ ಆ ಪರಿಚಯ ಇರಬೇಕು.

ವಿಜ್ಞಾನವೂ ಈಗ ಇದೇ ಪ್ರಶ್ನೆಯ ಮುಂದೆ ನಿಂತಿದೆ. 2020ರಲ್ಲಿ ಅಮೆರಿಕದಲ್ಲಿ ಮೊಡವೆಗೆ ಒಪ್ಪಿಗೆ ಪಡೆದ ಕ್ಲಾಸ್ಕೊಟೆರೋನ್ ಎಂಬ ಹಚ್ಚುವ ಔಷಧ ಡಿಎಚ್‌ಟಿಯ ತಯಾರಿಕೆಗೆ ಕೈಹಾಕುವುದಿಲ್ಲ. ಚರ್ಮದಲ್ಲಿರುವ ಗ್ರಾಹಕಕ್ಕೆ ಡಿಎಚ್‌ಟಿ ಅಂಟದಂತೆ ಅಲ್ಲೇ ಅಡ್ಡ ನಿಲ್ಲುತ್ತದೆ, ರಕ್ತ ಸೇರುವ ಹಾದಿಯಲ್ಲಿ ಬೇಗನೆ ಒಡೆದುಹೋಗುತ್ತದೆ. ಅದನ್ನೀಗ ಬೊಕ್ಕತಲೆಯ ಮೇಲೂ ಪರೀಕ್ಷಿಸುತ್ತಿದ್ದಾರೆ. ಇಲ್ಲಿಯವರೆಗಿನ ಕೂದಲ ಔಷಧಗಳು ಬೇರೆ ಅಂಗವನ್ನು ಹುಡುಕಿಕೊಂಡು ಹೊರಟವರ ಕೈಗೆ ತಾವಾಗಿ ಬಿದ್ದವು. ಈಗ ಸಂಶೋಧಕರು ನೆತ್ತಿಯಲ್ಲೇ ಕೆಲಸ ಮುಗಿಸಿ, ಉಳಿದ ಮೈಯನ್ನು ಅದರ ಪಾಡಿಗೆ ಬಿಡುವ ಮದ್ದನ್ನು ಬೇಕೆಂದೇ ಹುಡುಕುತ್ತಿದ್ದಾರೆ. ಬೊಕ್ಕತಲೆಯ ಚರಿತ್ರೆಯಲ್ಲಿ ಇದಕ್ಕಿಂತ ರೋಮಾಂಚನದ ಘಟ್ಟ ಇನ್ನೊಂದು ಬಂದಿಲ್ಲ!